ಕಣ್ಣಿಗೂ ನೀರಿಗೂ ನಡುವೆ

ದಾವಣಗೆರೆಯ ನಿಟ್ಟುವಳ್ಳಿಯಿಂದಲೋ ಹರಿಹರದಿಂದಲೋ ಘಟ್ಟ ಇಳಿದು ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್‌ಗೆ ಇಳಿಯುವವರಲ್ಲಿ ಕನ್ನಡಕದವರೂ ಇರುತ್ತಾರೆ. ಅವರ ಮುಂದಿರುವ ಪ್ರಶ್ನೆ ತೀರಾ ಲೌಕಿಕವಾದದ್ದು. ಕನ್ನಡಕದ ಕಡ್ಡಿ ಮಾಸ್ಕಿನ ಸಿಲಿಕೋನ್ ಅಂಚಿನಡಿ ಸಿಕ್ಕಿಕೊಂಡರೆ ನೀರು ಒಳಗೆ ನುಗ್ಗುತ್ತದೆ. ಹಾಗಾದರೆ ಕಣ್ಣಿಗೆ ಏನು ಹಾಕಿಕೊಳ್ಳಬೇಕು? ಮಾಸ್ಕಿನ ಗಾಜಿನ ಒಳಮೈಗೆ ನಮ್ಮ ನಂಬರಿನ ಲೆನ್ಸ್ ಅಂಟಿಸಿಕೊಳ್ಳಬಹುದು. ಕೆಲವು ಮಾಸ್ಕುಗಳಲ್ಲಿ ಗಾಜನ್ನೇ ತೆಗೆದು, ಸಾಮಾನ್ಯವಾಗಿ ಅರ್ಧರ್ಧ ಡಯಾಪ್ಟರ್ ಏರಿಕೆಯಲ್ಲಿ ಸಿಗುವ ಸಿದ್ಧ ಗಾಜು ಕೂರಿಸಬಹುದು. ಸಿಲಿಂಡರ್ ಪವರ್ ಇರುವವರಿಗೆ ಅದು ಅಷ್ಟಾಗಿ ಒಪ್ಪುವುದಿಲ್ಲ. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಧರಿಸಿ ಸಾದಾ ಮಾಸ್ಕ್ ಹಾಕಿಕೊಳ್ಳಬಹುದು. ಆದರೆ ಮಾಸ್ಕಿಗೆ ನೀರು ನುಗ್ಗಿ ಕಣ್ಣು ತೆರೆದರೆ ಲೆನ್ಸ್ ತೇಲಿಹೋದೀತು, ಸೋಂಕಿನ ಭಯವೂ ಉಂಟು. ಅಂಗಡಿಯಲ್ಲಿ ತೀರ್ಮಾನವಾಗುವ ಈ ಆಯ್ಕೆಯನ್ನು ಸ್ವಲ್ಪ ಕೆದಕಿದರೆ ನಮ್ಮ ದರ್ಶನಕಾರರು ಶತಮಾನಗಳ ಕಾಲ ಜಗಳವಾಡಿದ ವಿಷಯವೇ ಎದ್ದು ಬರುತ್ತದೆ: ತಿದ್ದಿದ ದೃಷ್ಟಿ ಎಂದರೆ ನಿಜದ ದೃಷ್ಟಿಯೇ?

ಅಜ್ಞಾನದ ಬಗ್ಗೆ ಮಾತಾಡುವಾಗ ನಮ್ಮ ಪರಂಪರೆ ಕಣ್ಣಿನ ರೋಗವನ್ನು ಮತ್ತೆ ಮತ್ತೆ ನೆನೆಯುತ್ತದೆ. ತಿಮಿರ ಕವಿದ ಕಣ್ಣಿಗೆ ಚಂದ್ರ ಎರಡಾಗಿ ಕಾಣುತ್ತಾನೆ, ಕಾಮಾಲೆಯವನಿಗೆ ಬಿಳಿಯ ಶಂಖ ಹಳದಿಯಾಗುತ್ತದೆ. ಗುರುವೋ ಶಾಸ್ತ್ರವೋ ಬಂದು ಪೊರೆ ತೆಗೆದರೆ ಇದ್ದದ್ದು ಇದ್ದಂತೆ ಕಾಣುತ್ತದೆ. ಮಧ್ವಾಚಾರ್ಯರು ಪ್ರತ್ಯಕ್ಷಕ್ಕೆ ಲಕ್ಷಣ ಹೇಳುವಾಗ ದೋಷವಿಲ್ಲದ ಇಂದ್ರಿಯಕ್ಕೂ ವಸ್ತುವಿಗೂ ಆಗುವ ಸಂಬಂಧವನ್ನೇ ಆಧಾರವಾಗಿಟ್ಟರು. ಇವೆಲ್ಲದರ ತಳದಲ್ಲಿರುವ ನಂಬಿಕೆ ಒಂದೇ: ಕಣ್ಣು ಸ್ವಭಾವತಃ ಸರಿಯಾದದ್ದು, ದೋಷ ಹೊರಗಿನಿಂದ ಬಂದದ್ದು, ಅದನ್ನು ಕಳೆದರೆ ಸಾಕು. ನೀರಿನೊಳಗೆ ಈ ನಂಬಿಕೆ ನಿಲ್ಲುವುದಿಲ್ಲ. ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್. ಅದರಲ್ಲಿ ಹೆಚ್ಚುಕಡಿಮೆ 43ರಷ್ಟು ಕಾರ್ನಿಯಾದ್ದು. ಗಾಳಿಯಿಂದ ಕಾರ್ನಿಯಾಕ್ಕೆ ಬರುವಾಗ ಬೆಳಕು ಬಲವಾಗಿ ಬಾಗುವುದರಿಂದ ಆ ಶಕ್ತಿ. ನೀರಿನ ವಕ್ರೀಭವನ ಸೂಚ್ಯಂಕ 1.33, ಕಾರ್ನಿಯಾದ್ದು 1.376, ಎರಡೂ ಹತ್ತಿರವಿರುವುದರಿಂದ ಮುಳುಗಿದೊಡನೆ ಆ ಬಾಗು ಬಹುಪಾಲು ಇಲ್ಲವಾಗುತ್ತದೆ. ಆರಕ್ಕಾರು ದೃಷ್ಟಿಯವನಿಗೂ ಬರಿಗಣ್ಣಿಗೆ ಎಲ್ಲವೂ ಮಸುಕು. ಅವನ ಕಣ್ಣಿನಲ್ಲಿ ರೋಗವಿಲ್ಲ, ಮೀನಿನಲ್ಲಿ ಕೊರತೆಯಿಲ್ಲ, ನೀರೂ ತಿಳಿಯಾಗಿಯೇ ಇದೆ. ತೆಗೆದುಹಾಕಬೇಕಾದ ಪೊರೆ ಯಾವುದು?

ಸಾಂಖ್ಯಕಾರಿಕೆಯಲ್ಲಿ ಇರುವ ವಸ್ತು ಏಕೆ ಕಾಣುವುದಿಲ್ಲ ಎಂಬುದಕ್ಕೆ ಕಾರಣಗಳ ಒಂದು ಸೊಗಸಾದ ಪಟ್ಟಿಯಿದೆ: ಅತಿ ದೂರ, ಅತಿ ಸಮೀಪ, ಇಂದ್ರಿಯಕ್ಕೆ ಹಾನಿ, ಮನಸ್ಸು ಎಲ್ಲೋ ಇರುವುದು, ಸೂಕ್ಷ್ಮತೆ, ಅಡ್ಡಿ ಹೀಗೆ. ನೀರಿನ ಮಸುಕು ಇವುಗಳಲ್ಲಿ ಯಾವುದಕ್ಕೂ ಸಲೀಸಾಗಿ ಸೇರುವುದಿಲ್ಲ. ಇನ್ನೂ ಹತ್ತಿರ ಬರುವುದು ನ್ಯಾಯಸೂತ್ರದ ಮೂರನೆಯ ಅಧ್ಯಾಯ. ಕಣ್ಣಿನ ಕಿರಣ ವಸ್ತುವನ್ನು ಮುಟ್ಟಿಯೇ ಅರಿಯುತ್ತದೆ ಎಂಬುದು ನೈಯಾಯಿಕರ ಪಕ್ಷ. ಎದುರಾಳಿ ಕೇಳುತ್ತಾನೆ: ಹಾಗಿದ್ದರೆ ಗಾಜು, ಅಭ್ರಕ, ಸ್ಫಟಿಕಗಳ ಆಚೆಗಿನದು ಹೇಗೆ ಕಾಣುತ್ತದೆ? ಅವು ತಡೆಯುವುದಿಲ್ಲ, ಆದ್ದರಿಂದ ಮುಟ್ಟುವಿಕೆ ನಡೆದೇ ನಡೆಯುತ್ತದೆ ಎಂದು ಉತ್ತರ. ಎರಡೂ ಕಡೆಯವರು ಗಾಜನ್ನು ಅಡ್ಡಿಯಾಗಬಹುದಾದ ವಸ್ತುವೆಂದೇ ನೋಡಿದರು, ಸಹಾಯಕವೆಂದಲ್ಲ. ಮಾಸ್ಕ್ ಮಾಡುವ ಕೆಲಸ ಇದಕ್ಕೆ ಪೂರಾ ತಿರುವುಮುರುವು. ಅದು ಏನನ್ನೂ ಕಳಚುವುದಿಲ್ಲ. ಕಣ್ಣಿಗೂ ನೀರಿಗೂ ನಡುವೆ ಒಂದು ಗಾಜನ್ನೂ ಒಂದಿಷ್ಟು ಗಾಳಿಯನ್ನೂ ಸೇರಿಸುತ್ತದೆ. ನೀರು ಕಣ್ಣನ್ನು ಮುಟ್ಟಿದಾಗ ಕಾಣದಿದ್ದದ್ದು ಮುಟ್ಟದಂತೆ ಮಾಡಿದಾಗ ಕಾಣುತ್ತದೆ. ದೇವರಲ್ಲಿ ಮುಳುಗಿದವನೇ ದೇವರನ್ನು ಕಂಡವನು ಎನ್ನುವ ಭಕ್ತಿಯ ಭಾಷೆಯನ್ನು ನಾವು ಯೋಚಿಸದೆ ಬಳಸುತ್ತೇವೆ. ಮುಳುಗುವುದೂ ಕಾಣುವುದೂ ಬೇರೆ ಬೇರೆ ಕ್ರಿಯೆಗಳು, ಎರಡನೆಯದಕ್ಕೆ ಅಂತರ ಬೇಕು ಎಂಬುದು ನನ್ನ ವಾದದ ಮೊದಲರ್ಧ.

ಉಳಿದರ್ಧ ಆ ಅಂತರಕ್ಕೆ ತೆರಬೇಕಾದ ಬೆಲೆಯ ಕುರಿತದ್ದು. ಚಪ್ಪಟೆ ಗಾಜಿನ ಮೂಲಕ ನೀರಿನೊಳಗಿನದು ನಿಜದೂರದ ಮುಕ್ಕಾಲಿನಲ್ಲಿ ತೋರುತ್ತದೆ; ನಾಲ್ಕು ಮೀಟರ್ ಆಚೆಗಿನ ಬಂಡೆ ಮೂರೇ ಮೀಟರ್ ಅನ್ನಿಸುತ್ತದೆ, ಮೀನು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಎಷ್ಟು ಕರಾರುವಾಕ್ಕಾದ ನಂಬರಿನ ಲೆನ್ಸ್ ಅಂಟಿಸಿದರೂ ಈ ಹಿಗ್ಗು ಹೋಗುವುದಿಲ್ಲ. ಲೆನ್ಸ್ ತಿದ್ದುವುದು ಮಸುಕನ್ನು ಮಾತ್ರ. ಆಳಕ್ಕೆ ಹೋದಂತೆ ನೀರು ಕೆಂಪನ್ನು ಹೀರಿಕೊಂಡು ಕೆಂಪು ಹವಳ ಬೂದುಗಂದಾಗುತ್ತದೆ. ಅದಕ್ಕೂ ಲೆನ್ಸ್ ಮದ್ದಲ್ಲ, ಟಾರ್ಚ್ ಹಿಡಿಯಬೇಕು. (ಟಾರ್ಚಿನ ಬೆಳಕಿನಲ್ಲಿ ಬೆಳಗುವ ಕೆಂಪು ಹವಳದ ನಿಜ ಬಣ್ಣವೋ, ಅದು ತನ್ನ ಮನೆಯಲ್ಲಿ ಎಂದೂ ತೊಡದ ಬಣ್ಣವೋ ಎಂಬುದು ಬೇರೆಯೇ ಚರ್ಚೆ.) ಅಂದರೆ ಸ್ಪಷ್ಟತೆಯೇ ಸತ್ಯವಲ್ಲ. ಗಾಬರಿ ಹುಟ್ಟಿಸಬೇಕಾದದ್ದು ಮಸುಕಲ್ಲ, ಅದು ತನ್ನ ಕೊರತೆಯನ್ನು ತಾನೇ ಸಾರುತ್ತದೆ. ಚೊಕ್ಕವಾಗಿ, ಅಂಚು ಅಂಚೂ ತಿಳಿಯುವಂತೆ ಕಂಡ ತಪ್ಪು ಮಾತ್ರ ಯಾವ ಸುಳಿವನ್ನೂ ಕೊಡುವುದಿಲ್ಲ. ಮೇಲುಕೋಟೆಯಲ್ಲಿ ವರ್ಷಗಟ್ಟಲೆ ನೆಲೆಸಿದ್ದ ರಾಮಾನುಜರು ಶ್ರೀಭಾಷ್ಯದಲ್ಲಿ ಹಳದಿ ಶಂಖವನ್ನು ಬಿಡಿಸಿದ ರೀತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಣ್ಣಿನ ಪಿತ್ತವೇ ಕಿರಣದೊಡನೆ ಹೋಗಿ ಶಂಖಕ್ಕೆ ಹತ್ತುತ್ತದೆ, ಕಂಡ ಹಳದಿ ಸುಳ್ಳಲ್ಲ, ಮರೆಯಾದದ್ದು ಬಿಳುಪು ಎಂದರು. ಅವರ ಶರೀರಶಾಸ್ತ್ರವನ್ನು ಇಂದು ಯಾರೂ ಒಪ್ಪಲಾರರು. ಕಂಡದ್ದರಲ್ಲಿ ಕಾಣುವ ಸಾಧನದ ಪಾಲೂ ಬೆರೆತಿರುತ್ತದೆ ಎಂಬ ಅವರ ಹೊಳಹನ್ನು ಮಾತ್ರ ಮಾಸ್ಕ್ ಹಾಕಿದ ಪ್ರತಿಯೊಬ್ಬನೂ ಒಪ್ಪಲೇಬೇಕು.

ಸಾಧನವೇ ಬೇಡ, ಸಾಧನೆ ಸಾಕು ಎನ್ನುವವರು ಮೊಕೆನ್ ಮಕ್ಕಳನ್ನು ತೋರಿಸಿಯಾರು. ಥಾಯ್ಲೆಂಡ್, ಮ್ಯಾನ್ಮಾರ್ ಕರಾವಳಿಯ ಈ ಕಡಲವಾಸಿಗಳ ಮಕ್ಕಳು ನೀರಿನಡಿ ಬರಿಗಣ್ಣಿನಲ್ಲಿ ಯುರೋಪಿನ ಮಕ್ಕಳಿಗಿಂತ ಇಮ್ಮಡಿ ಸೂಕ್ಷ್ಮವಾಗಿ ಕಾಣುತ್ತಾರೆಂದು ಆನ್ನಾ ಗಿಸ್ಲೇನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಸ್ವೀಡನ್ನಿನ ಮಕ್ಕಳೂ ಅಭ್ಯಾಸದಿಂದ ಅದನ್ನು ಕಲಿತರು. ಇದು ದೊಡ್ಡ ಮಾತೇ. ಆದರೆ ಆ ಮಕ್ಕಳ ಕಣ್ಣು ಮಾಡುವುದೇನು? ಪಾಪೆಯನ್ನು ಆದಷ್ಟೂ ಕಿರಿದು ಮಾಡುತ್ತದೆ, ಒಳಲೆನ್ಸನ್ನು ಅದರ ಮಿತಿಯವರೆಗೆ ಬಾಗಿಸುತ್ತದೆ. ಬೆಳಕನ್ನು ಬಿಟ್ಟುಕೊಟ್ಟು ಸ್ಪಷ್ಟತೆ ಪಡೆಯುತ್ತದೆ. ಅಷ್ಟಾದರೂ ಮಾಸ್ಕ್ ಕೊಡುವ ನೋಟ ಅದಕ್ಕೆ ಸಿಗದು. ಅದ್ವೈತಿಯ ಆಕ್ಷೇಪ ಇದಕ್ಕಿಂತ ಆಳದ್ದು: ಕಣ್ಣಿನ ಮಾತು ವ್ಯವಹಾರಕ್ಕಾಯಿತು, ಸ್ವಯಂಪ್ರಕಾಶವಾದ ಆತ್ಮಕ್ಕೆ ಯಾವ ಗಾಜು ಬೇಕು? ಬೇಡ ಎಂದೇ ಒಪ್ಪೋಣ. ಆದರೆ ಆ ಅನುಭವದಿಂದ ಮರಳಿದವರು ಲೋಕದ ಬಗ್ಗೆ, ಜಾತಿಯ ಬಗ್ಗೆ, ಇನ್ನೊಬ್ಬರ ದೇವರ ಬಗ್ಗೆ ತೀರ್ಪು ಕೊಡತೊಡಗಿದೊಡನೆ ಅವರೂ ಮಾಧ್ಯಮದೊಳಗೆ ಇಳಿದಂತೆ. ಅವರ ಮಾಸ್ಕಿನ ಹಿಗ್ಗು ಎಷ್ಟು ಎಂದು ಕೇಳುವುದು ನಾಸ್ತಿಕತನವಲ್ಲ.

ಹಾಗಾದರೆ ಯಾವ ನೋಟವೂ ನಿಜವಲ್ಲ, ಅವರವರದು ಅವರವರಿಗೆ ಸರಿ ಎಂದಾಯಿತೇ? ದಾವಣಗೆರೆ ಸೀಮೆಯಲ್ಲಿ ಕೂತು ಹಾಗನ್ನುವುದು ಸುಲಭ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯಲ್ಲಿ ಅರ್ಧ ಹರ, ಅರ್ಧ ಹರಿಯಾದ ಮೂರ್ತಿಯೇ ನಿಂತಿದೆಯಲ್ಲ! ಆದರೆ ಮುಕ್ಕಾಲು ದೂರದ ಲೆಕ್ಕ ಶೈವರಿಗೊಂದು, ವೈಷ್ಣವರಿಗೊಂದು ಇಲ್ಲ. ಕೈ ಚಾಚಿದಾಗ ಬಂಡೆ ಸಿಗದಿದ್ದರೆ ಯಾರ ಕಣ್ಣಾದರೂ ತನ್ನ ತಪ್ಪನ್ನು ಒಪ್ಪಲೇಬೇಕು. ಜ್ಞಾನದ ಪ್ರಾಮಾಣ್ಯವನ್ನು ಕ್ರಿಯೆಯ ಸಾಫಲ್ಯದಿಂದ ಅಳೆದ ನೈಯಾಯಿಕರು ಇಲ್ಲಿ ಗೆಲ್ಲುತ್ತಾರೆ. ಪೂರಾ ಗೆಲ್ಲುವುದಿಲ್ಲ. ಗಾಳಿಯ ಸಿಲಿಂಡರಿನ ಗೇಜ್‌ನಲ್ಲಿ 50 ಬಾರ್ ಎಂಬುದು ಹಿಗ್ಗಿದ ಅಂಕೆಯಲ್ಲಿ ಕಂಡರೂ ಐವತ್ತೇ. ಹಿಗ್ಗು ಅಂಕೆಯನ್ನು ಕೆಡಿಸದು, ದೂರವನ್ನು ಕೆಡಿಸುತ್ತದೆ. ಒಂದೇ ನೋಟದ ಒಂದಂಶ ನಿಜ, ಇನ್ನೊಂದಂಶ ತಿದ್ದಿಕೊಳ್ಳಬೇಕಾದದ್ದು. ಯಾವುದು ಯಾವುದೆಂದು ಹೇಳುವುದು ಗಾಜಿಗೆ ಆಗದ ಕೆಲಸ, ಮಧ್ವರು ಸಾಕ್ಷಿ ಎಂದು ಕರೆದ, ಅರಿವನ್ನೇ ಪರೀಕ್ಷಿಸುವ ಒಳಗಿನ ಅರಿವಿಗೇ ಅದನ್ನು ಒಪ್ಪಿಸಬೇಕು.

ಆಯ್ಕೆಗೆ ಮರಳಿದರೆ, ಅತ್ಯುತ್ತಮ ಲೆನ್ಸ್ ಯಾವುದು ಎಂದು ಕೇಳುವುದರಲ್ಲಿ ಅರ್ಥವಿಲ್ಲ. ದೂರದ ಪವರ್ ಅಲ್ಪಸ್ವಲ್ಪ ಇರುವ ಹುಡುಗನಿಗೆ ಸಾದಾ ಮಾಸ್ಕೇ ಸಾಕಾದೀತು, ಏಕೆಂದರೆ ನೀರು ಮೀನನ್ನು ಹತ್ತಿರಕ್ಕೆ ತಂದು ತೋರಿಸುತ್ತದೆ. ಚಾಳೀಸು ಬಂದವರಿಗೆ ಅದೇ ಉಪಕಾರ ಅಪಕಾರ: ಮೊದಲೇ ಹತ್ತಿರವಿದ್ದ ಗೇಜ್ ಇನ್ನೂ ಹತ್ತಿರ ಬಂದಂತಾಗಿ ಅಂಕೆಗಳು ಕಲೆಸುತ್ತವೆ. ಅಂಥವರು ಮಾಸ್ಕಿನ ಗಾಜಿನ ಕೆಳತುದಿಗೆ ಓದುವ ಪವರಿನ ಪುಟ್ಟ ಲೆನ್ಸ್ ಅಂಟಿಸಿಕೊಳ್ಳುತ್ತಾರೆ. ಮೇಲ್ಭಾಗದಲ್ಲಿ ಹವಳ, ಕೆಳಭಾಗದಲ್ಲಿ ಉಳಿದಿರುವ ಗಾಳಿಯ ಲೆಕ್ಕ.