ವರ್ಷಕ್ಕೊಮ್ಮೆ ತೆರೆಯುವ ಪೆಟ್ಟಿಗೆ

ಕೆಲವು ವಸ್ತುಗಳನ್ನು ನಾವು ದಿನಾ ಬಳಸುತ್ತೇವೆ. ಕೆಲವನ್ನು ವರ್ಷಕ್ಕೊಮ್ಮೆ ಮಾತ್ರ ಹೊರಗೆ ತೆಗೆಯುತ್ತೇವೆ. ದಿನಾ ಕೈಯಾಗ ಹಿಡಿಯುವ ಕುಡಗೋಲಿಗಿಂತ ವರ್ಷಕ್ಕೊಮ್ಮೆ ತೆಗೆಯುವ ವಸ್ತುವಿನ ಮ್ಯಾಲ ಜೀವ ಹೆಚ್ಚು. ಇದು ಯಾಕ? ನೆನಪು ವಸ್ತುವಿನೊಳಗ ಇರತದೋ, ಮನಿಷ್ಯಾನೊಳಗ ಇರತದೋ? ಮನಿಷ್ಯಾನೊಳಗ ಇದ್ದರ ವಸ್ತು ಯಾಕ ಬೇಕು? ವಸ್ತುವಿನೊಳಗ ಇದ್ದರ, ಅದನ್ನ ಮಾರಿದಾಗ ನೆನಪೂ ಮಾರಿದಂಗ ಆತಲ್ಲ? ನಾನು ಏಳನೆತ್ತೆ ಕಲಿತವ. ಹೊಲ ಮಾಡತೀನಿ, ಭಜನಿ ಪದ, ಡೊಳ್ಳಿನ ಪದ ಹಾಡತೀನಿ. ನನಗ ತಿಳಿದಷ್ಟು ಬರೀತೀನಿ.

ನಮ್ಮ ಜತ್ತ ತಾಲೂಕಿನ ಕಡೆ ಎತ್ತು ಇದ್ದ ಮನ್ಯಾಗೆಲ್ಲ ಒಂದು ಸಿಂಗಾರದ ಪೆಟ್ಟಿಗಿ ಇರತಿತ್ತು. ಹಿತ್ತಾಳಿ ಕೋಡಣಸು, ಗೆಜ್ಜಿಸರ, ಉಣ್ಣಿ ಗೊಂಡೆ, ಕವಡಿ ಸರ, ಕನ್ನಡಿ ಹಚ್ಚಿದ ಝೂಲ. ಕಾರಹುಣ್ಣಿಮೆ ದಿನ ಅದು ಅಟ್ಟದಿಂದ ಇಳೀತಿತ್ತು. ಈ ಹಬ್ಬಕ್ಕ ನಮ್ಮ ಮರಾಠಿ ನೆರೆಯವರು ಕರ್ನಾಟಕಿ ಬೇಂದೂರ ಅಂತಾರ, ಅವರ ಬೇಂದೂರ ಒಂದು ತಿಂಗಳು ತಡವಾಗಿ ಬರತೈತಿ. ಅವ್ವ ಹುಣಸಿಹಣ್ಣ ಹಚ್ಚಿ ಹಿತ್ತಾಳಿ ತಿಕ್ಕುವಾಗ ಅಪ್ಪ ಒಂದೊಂದನ್ನ ಕೈಯಾಗ ಹಿಡಿದು ಹೇಳತಿದ್ದ. ಈ ಗೆಜ್ಜಿ ಜತ್ತ ಯಲ್ಲಮ್ಮನ ಜಾತ್ರ್ಯಾಗ ಮಾಣಿಕ್ಯಾ ಎತ್ತಿನ ಜೋಡಿ ಬಂದದ್ದು. ಈ ಗೊಂಡೆ ನಿಮ್ಮತ್ತಿ ಲಗ್ನದ ವರ್ಷ ಹೆಣೆಸಿದ್ದು. ಈ ಕೋಡಣಸು ಸೊಟ್ಟಾದದ್ದು ಬಾವಿ ಕಟ್ಟಿಗೆ ಬಡಿದು. ವರ್ಷಾ ವರ್ಷಾ ಅದೇ ಮಾತು. ಮುಂದಿನದು ಗೊತ್ತಿದ್ದರೂ ನಾವು ಕೇಳತಿದ್ದಿವಿ, ಹಾಡಿನ ಪಲ್ಲವಿ ಕೇಳಿದಂಗ.

1972ರ ಬರ ಬಂತು. ಜನ ರಸ್ತಾದ ಕಾಮಗಾರಿ ಮ್ಯಾಲ ಖಡಿ ಒಡೆದು ಹೊಟ್ಟಿ ಹೊರಕೊಂಡರು. ಮೇವಿಲ್ಲದ ನಮ್ಮ ಜೋಡೆತ್ತು ಹೋದವು, ತಾಮ್ರದ ಹಂಡೆ ಹೋತು. ಅಪ್ಪ ಪೆಟ್ಟಿಗಿ ಮಾತ್ರ ಕೊಡಲಿಲ್ಲ. "ಎತ್ತು ಹೋದ ಮ್ಯಾಲ ಗೆಜ್ಜಿ ಇಟಗೊಂಡು ಏನ ಮಾಡತಿ? ಮಕ್ಕಳಿಗೆ ಜ್ವಾಳರೆ ಬರತಾವ" ಅಂತ ಅವ್ವ ಜಗಳಾಡಿದಳು. ಅಪ್ಪ ಅಂದ: "ಗೆಜ್ಜಿ ಇದ್ದರ ಎತ್ತು ತಿರುಗಿ ಬರತಾವ." ಇಬ್ಬರೊಳಗ ಯಾರದು ಖರೆ? ಹಸಿದ ಮಕ್ಕಳ ಮುಂದ ಅವ್ವನ ಮಾತೇ ದೊಡ್ಡದು, ಅದನ್ನ ಯಾರೂ ಸಣ್ಣದು ಮಾಡಬಾರದು. ಆದರ ಅಪ್ಪ ಹಳೇದಕ್ಕ ಅಳಕೋತ ಆ ಪೆಟ್ಟಿಗಿ ಇಟಗೊಂಡಿರಲಿಲ್ಲ. ಹುಣ್ಣಿಮೆ ತಿರುಗಿ ಬರತೈತಿ ಅನ್ನೋ ಭರವಸೆಗೆ ಒಂದು ಒತ್ತಿ ಇಟ್ಟಿದ್ದ. ವರ್ಷಕ್ಕೊಮ್ಮೆ ತೆರೆಯುವ ಪೆಟ್ಟಿಗೆಯೊಳಗ ಹಿಂದಿನ ನೆನಪು ಎಷ್ಟು ಇರತೈತೋ ಮುಂದಿನ ವರ್ಷದ ಮಾತೂ ಅಷ್ಟೇ ಇರತೈತಿ.

ಇಂಥದೇ ಪೆಟ್ಟಿಗಿ ನಾ ಇನ್ನೊಂದು ಮತದವರ ಮನ್ಯಾಗೂ ಕಂಡೀನಿ. ನಮ್ಮ ಕಡೆ ದೊಡ್ಡ ಬ್ಯಾನಿ ಬಂದರ ಮಿರಜಿಗೆ ಹೋಗೋದು. ಅಲ್ಲಿ ಡಾಕ್ಟರ್ ವಾನ್ಲೆಸ್ 1894ರಲ್ಲಿ ಸುರು ಮಾಡಿದ ಮಿಷನ್ ದವಾಖಾನಿ ನಮ್ಮ ಹಿರಿಯರಿಗೆಲ್ಲ ಗೊತ್ತು. ಒಂದು ಡಿಸೆಂಬರದಾಗ ನನ್ನ ಹೆಂಡತಿಯ ಔಷಧ ನಡೆದಾಗ ಮಿರಜಿನ ಒಬ್ಬ ಹಳೆಯ ನರ್ಸ್ ಬಾಯಿಯ ಪರಿಚಯ ಆತು. ನಾತಾಳದ ಮುಂದ ಅವರ ಮನಿಗೆ ಕರೆದರು. ಮೂಲ್ಯಾಗ ಒಂದು ಸರ್ವೆ ಗಿಡದ ಟೊಂಗಿ ನಿಲ್ಲಿಸಿ, ಬಿಸ್ಕೀಟಿನ ಡಬ್ಬಿಯೊಳಗಿನ ಸಾಮಾನ ಒಂದೊಂದಾಗಿ ತೆಗೆದು ಕಟ್ಟಾಕ ಹತ್ತಿದ್ದರು.

ಮಗ ಒಂದನೆತ್ತೆದಾಗ ಚಹಾ ಪುಡಿಯ ಬೆಳ್ಳಿ ಕಾಗದ ಕತ್ತರಿಸಿ ಮಾಡಿದ ಚುಕ್ಕಿ. ಜೋಡಿ ಕೆಲಸ ಮಾಡಿದ ಗೆಳತಿ ಊರು ಬಿಡುವಾಗ ಕೊಟ್ಟ ಗಂಟಿ. ತಾಯಿ ಕಾಲದ ತೆಳ್ಳಗಿನ ಗಾಜಿನ ಗುಂಡು. ಇಂಥ ಗುಂಡನ್ನ ಜರ್ಮನಿಯ ಲೌಶಾ ಅನ್ನೋ ಗುಡ್ಡದ ಊರಾಗ ಗಾಜು ಊದುವ ಮನಿತನದವರು 19ನೆಯ ಶತಮಾನದಾಗ ಮಾಡಿ ದೇಶ ದೇಶಕ್ಕ ಮಾರತಿದ್ದರು ಅಂತ ನಾ ಆಮ್ಯಾಲ ಓದಿದೆ. ಈಗ ನಮ್ಮ ದೇಶದ ಫಿರೋಜಾಬಾದದಾಗೂ ಮಾಡತಾರ. ಗುಂಡು ಎಲ್ಲಾ ಕಡೆ ಸಿಗತೈತಿ. ಆದರ ಆ ಬಾಯಿ ಆ ಒಂದು ಗುಂಡನ್ನ ಹಳೇ ಸೀರಿ ಅರಿವ್ಯಾಗ ಸುತ್ತಿ ಇಟ್ಟಿದ್ದರು. ಒಂದೊಂದರ ಕತಿ ಹೇಳಕೋತ ಕಟ್ಟಿದರು, ಥೇಟ್ ನಮ್ಮ ಅಪ್ಪನಂಗ.

ಕಡೀಕ ಒಂದು ಸಣ್ಣ ಕೂಸಿನ ಬಳಿ ಬಂತು. ಅದನ್ನ ಗೋಡಿ ಕಡೆಯ ಟೊಂಗಿಗೆ, ಯಾರಿಗೂ ಕಾಣದಂಗ ಕಟ್ಟಿದರು. ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅಲ್ಲೀತನಕ ನಾ ತಿಳಿದದ್ದು ಹಿಂಗಿತ್ತು: ನೆನಪು ವಸ್ತುವಿನೊಳಗೂ ಇಲ್ಲ, ತಲಿಯೊಳಗೂ ಇಲ್ಲ, ಹೇಳೂದರೊಳಗ ಐತಿ. ಪದ ವಹಿಯೊಳಗ ಇದ್ದರ ಪದ ಅಲ್ಲ, ಹಾಡಿದರ ಪದ. ಈ ತಿಳುವಳಿಕಿ ಸುಳ್ಳಲ್ಲ, ಆದರ ಅರ್ಧ. ಬಾಯಿಗೆ ಬರದ ನೆನಪಿಗೂ ಒಂದು ಟೊಂಗಿ ಬೇಕಾಗತೈತಿ. ಹೇಳಾಕ ಆಗದ್ದನ್ನ ವಸ್ತುವೇ ಹೊತ್ತಕೊಂಡು ನಿಂತಿರತೈತಿ. ಅದಕ್ಕಂತಲೇ ಮನಿಷ್ಯಾಗ ವಸ್ತು ಬೇಕು.

ಈಗ ನಮ್ಮ ಹೊಲಕ್ಕ ಟ್ರ್ಯಾಕ್ಟರ್ ಬರತೈತಿ. ದಾವಣಿ ಬರಿದಾಗೈತಿ. ಮೋಡಕಾ ಸಾಮಾನಿನವ ಬಂದು ಹಿತ್ತಾಳಿ ಕಿಲೋದ ಮ್ಯಾಲ ಕೇಳಿದ. ರಸ್ತಾದ ಮ್ಯಾಲಿನ ಒಂದು ಧಾಬಾದವರು ಗೋಡಿಗೆ ತೂಗ ಹಾಕಾಕ ಕೇಳಿದರು, ಹೆಚ್ಚಿಗಿ ರೊಕ್ಕ ಕೊಡತೀವಿ ಅಂದರು. ಮಗ ಅಂದ: "ಅಪ್ಪಾ, ನೆನಪಿನಿಂದ ಸಾಲದ ಹಪ್ತೆ ತುಂಬಾಕ ಆಗೂದಿಲ್ಲ." ಅವನ ಮಾತಿನಾಗ ತಪ್ಪಿಲ್ಲ, ಅವ ನಮ್ಮ ಅವ್ವನ ಮಾತೇ ಆಡಿದ. ಸಾಲ ಕುತಗಿಗೆ ಬಂದರ ಮಾರಬೇಕು. ಹಿತ್ತಾಳಿಗಿಂತ ಮನಿ ಮಂದಿ ದೊಡ್ಡವರು. ಆದರ ಅಂಥ ತ್ರಾಸ ಇಲ್ಲದಾಗ, ಬರೇ ಅಟ್ಟ ಖಾಲಿ ಆಗಲಿ ಅಂತ ಮಾರೂದು ಬ್ಯಾರೆ.

ಧಾಬಾದ ಗೋಡಿ ನನಗ ಒಪ್ಪಲಿಲ್ಲ. ಅಲ್ಲಿ ಗೆಜ್ಜಿ ವರ್ಷದುದ್ದಕ್ಕೂ ಕಾಣತೈತಿ, ಆದರ ಯಾರೂ ಅದನ್ನ ಕೈಯಾಗ ಹಿಡಿದು ಒರಸೂದಿಲ್ಲ, ಇದು ಯಾರದು ಅಂತ ಕೇಳೂದಿಲ್ಲ. ದಿನಾ ಕಂಡದ್ದು ಕಣ್ಣಿಗೆ ಮಬ್ಬಾಗತೈತಿ. ಹನ್ನೊಂದು ತಿಂಗಳು ಮುಚ್ಚಿ ಇಟ್ಟದ್ದಕ್ಕೇ ಹನ್ನೆರಡನೇ ತಿಂಗಳು ಹೊಳಪು ಬರತೈತಿ.

ನಾವು ಹಾಡುವವರೊಳಗ ಒಂದು ರೀತಿ ಐತಿ. ಗುರುವಿನ ಪದ ಯಾರು ಬೇಕಾದರೂ ಹಾಡಬಹುದು, ಆದರ ಕಡೀಕ ಅಂಕಿತ ಬಿಡಬಾರದು. ಪದ ಕೈಯಿಂದ ಕೈಗೆ ಹೋದರೂ ಹೆಸರು ಉಳೀತೈತಿ. ವಸ್ತುವಿಗೂ ಇದೇ ರೀತಿ ಸಾಕು ಅಂತ ನನಗ ಅನಿಸತೈತಿ. ನಮ್ಮ ಓಣ್ಯಾಗ ಒಬ್ಬ ಹುಡುಗ ಇನ್ನೂ ಖಿಲಾರಿ ಜೋಡಿ ಸಾಕ್ಯಾನ. ಕೋಡಣಸು, ಗೆಜ್ಜಿಸರ ಅವನಿಗೆ ಕೊಟ್ಟೆ. ರೊಕ್ಕ ಇಸಗೊಳ್ಳಲಿಲ್ಲ, ಒಂದು ಕರಾರು ಹಾಕಿದೆ: ಕಟ್ಟುವಾಗ ಮಾಣಿಕ್ಯಾನ ಹೆಸರು, 1972ರ ಮಾತು ನಿನ್ನ ಮಕ್ಕಳಿಗೆ ಹೇಳಬೇಕು. ಸತ್ತ ಎತ್ತಿನ ಗೆಜ್ಜಿ ಹೊಸ ಎತ್ತಿಗೆ ಕಟ್ಟಿದರ ಹಳೇದನ್ನ ಮರೆತಂಗ ಅಲ್ಲೇನು ಅಂತ ಒಬ್ಬರು ಕೇಳಿದರು. ಗೆಜ್ಜಿ ಸಪ್ಪಳ ಮಾಡಾಕ ಹುಟ್ಟಿದ್ದು. ಸಪ್ಪಳ ಇದ್ದಲ್ಲಿ ಕೇಳುವವರು ಇರತಾರ, ಕೇಳುವವರು ಇದ್ದಲ್ಲಿ ಹೆಸರು ಉಳೀತೈತಿ.

ನಮ್ಮ ವಾಚನಾಲಯಕ್ಕೆ ಬರುವ ಹುಡುಗರಿಗೆ ಒಂದು ಮಾತು. ನಿಮ್ಮ ಅಟ್ಟದ ಮ್ಯಾಲಿನ ಪೆಟ್ಟಿಗಿ ಇಳಿಸಿರಿ. ಹಿರಿಯರು ಇರುವಾಗಲೇ, ಇದು ಯಾರದು, ಯಾವಾಗಿನದು ಅಂತ ಕೇಳಿರಿ. ಹೇಳಿದರ ಬರೆದು ಇಡ್ರಿ. ಒಂದು ವಸ್ತು ಹಿಡಿದು ಅವರು ಸುಮ್ಮಕಾದರ ಒತ್ತಾಯ ಮಾಡಬ್ಯಾಡ್ರಿ. ಅದನ್ನ ಒರಸಿ ತಿರುಗಿ ಪೆಟ್ಟಿಗಿಯೊಳಗ ಇಡ್ರಿ.