ಅಂಕಿತ ಯಾರದು?

ಶರಣರ ವಚನವೊಂದನ್ನು ಓದಿ ಮುಗಿಸುವವನು ಅದರ ಕಡೆಯಲ್ಲಿ ಒಂದು ನಾಮವನ್ನು ಕಾಣುತ್ತಾನೆ. ಬಸವಣ್ಣನವರ ವಚನದ ಕೊನೆಯಲ್ಲಿ ಕೂಡಲಸಂಗಮದೇವನ ನಾಮ. ಅಲ್ಲಮಪ್ರಭುದೇವರ ವಚನದಲ್ಲಿ ಗುಹೇಶ್ವರನ ನಾಮ. ಅಕ್ಕಮಹಾದೇವಿಯವರ ವಚನದಲ್ಲಿ ಚೆನ್ನಮಲ್ಲಿಕಾರ್ಜುನನ ನಾಮ. ನುಡಿದವರ ಸ್ವಂತ ಹೆಸರು ಅಲ್ಲಿ ಬರುವುದಿಲ್ಲ. ಇದನ್ನು ಕೇವಲ ಕಾವ್ಯಸಂಪ್ರದಾಯವೆಂದು ಬಗೆಯುವವರುಂಟು. ಆದರೆ ವಿಚಾರಿಸಿ ನೋಡಿದಲ್ಲಿ ಇದರೊಳಗೆ ಒಂದು ಜೀವನಧರ್ಮವೇ ಅಡಗಿರುವುದು ತಿಳಿದುಬರುತ್ತದೆ. ನುಡಿಯಿಂದ ಬರುವ ಹೊಗಳಿಕೆಯೆಂಬ ಫಲವನ್ನು ನುಡಿದವನು ತಾನೇ ಉಣ್ಣದೆ, ಯಾವ ನಾಮದಲ್ಲಿ ನುಡಿದನೋ ಆ ನಾಮಕ್ಕೆ ಒಪ್ಪಿಸಿಬಿಡುತ್ತಾನೆ. ಅಂಕಿತದ ಒಂದು ಮುಖವು ಇದು.

ಅದಕ್ಕೆ ಇನ್ನೊಂದು ಮುಖವೂ ಉಂಟು. ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನವರು ತಮ್ಮ ಹೆಸರನ್ನೇ ಅಂಕಿತವನ್ನಾಗಿ ಇಟ್ಟುಕೊಂಡರು. ಶರಣರ ನಿರಹಂಕಾರಕ್ಕೆ ಇದು ವಿರುದ್ಧವಲ್ಲವೆ ಎಂದು ಕೇಳುವವರಿದ್ದಾರೆ. ಚೌಡಯ್ಯನವರ ನುಡಿ ಕಟುವಾದದ್ದು. ಡಾಂಭಿಕರನ್ನು ಮುಖಕ್ಕೆ ಹೊಡೆದಂತೆ ಖಂಡಿಸುವಂಥದು. ಅಂತಹ ನುಡಿಯನ್ನಾಡಿ ಮರೆಯಲ್ಲಿ ಅಡಗದೆ, ಇದನ್ನು ಆಡಿದವನು ಇಂಥವನು, ಅವನ ಕಾಯಕ ಇಂಥದು ಎಂದು ಎದುರು ನಿಂತು ಹೇಳಿದ ಧೈರ್ಯವು ಆ ಅಂಕಿತದಲ್ಲಿದೆ. ಅಲ್ಲಿ ಹೆಸರು ಬಂದದ್ದು ಹೊಣೆಯನ್ನು ಹೊರುವುದಕ್ಕಾಗಿ. ಹೀಗೆ ಫಲವನ್ನು ಒಪ್ಪಿಸುವುದು, ಹೊಣೆಯನ್ನು ಹೊರುವುದು ಇವೆರಡೂ ಸೇರಿದಲ್ಲಿ ಅಂಕಿತದ ಅರ್ಥವು ಪೂರ್ಣವಾಗುತ್ತದೆ.

ಈ ಧರ್ಮವನ್ನು ಇಂದಿನ ಕಾಲದ ಒರೆಗಲ್ಲಿಗೆ ಹಚ್ಚಿ ನೋಡಲು ಹಂಪೆಯ ಬಜಾರು ತಕ್ಕ ಸ್ಥಳವಾಗಿದೆ. ವಿರೂಪಾಕ್ಷನ ಗುಡಿಯ ಮುಂದಿನಿಂದ ಮೂಡಣ ತುದಿಯ ಎದುರು ಬಸವಣ್ಣನವರೆಗೆ ಹಬ್ಬಿದ ಆ ಬೀದಿಯ ಇಕ್ಕೆಲದಲ್ಲಿ ಕಲ್ಲಿನ ಸಾಲುಮಂಟಪಗಳಿವೆ. ೧೯೮೬ರಲ್ಲಿ ಯುನೆಸ್ಕೋ ಸಂಸ್ಥೆಯು ಹಂಪೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು; ೨೦೧೭ರಲ್ಲಿ ಹೊರಬಂದ ಐವತ್ತು ರೂಪಾಯಿಯ ಹೊಸ ನೋಟಿನ ಮೇಲೆ ಇಲ್ಲಿಯ ಕಲ್ಲಿನ ರಥವು ಅಚ್ಚಾಯಿತು. ದೇಶದೇಶಗಳಿಂದ ಜನರು ಬರುತ್ತಾರೆ. ಬಂದವರಲ್ಲಿ ಹಲವರು ಗೋಪುರಕ್ಕೆ ಬೆನ್ನು ಮಾಡಿ ನಿಂತು, ಅಂಗೈಯೊಳಗಿನ ಮೊಬೈಲನ್ನು ಎತ್ತಿ ಹಿಡಿದು, ಅದರ ಗಾಜಿನಲ್ಲಿ ತಮ್ಮ ಮುಖವನ್ನೂ ಮುಖದ ಹಿಂದೆ ಗೋಪುರವನ್ನೂ ನೋಡುತ್ತಾರೆ. ಇದರಲ್ಲಿ ಪಾಪವೇನೂ ಇಲ್ಲ. ದೂರದ ಊರಿನಲ್ಲಿರುವ ತಾಯಿಗೆ ಮಗನು ತಾನು ಕಂಡ ಕ್ಷೇತ್ರವನ್ನು ತೋರಿಸಬಯಸುವುದು ಪ್ರೀತಿಯ ಕುರುಹು. ಆದರೆ ತೋರಿಸುವ ಬಯಕೆಯು ನೋಡುವ ಬಯಕೆಯನ್ನು ಮೀರಿ ಬೆಳೆದಾಗ ಏನಾಗುತ್ತದೆಂಬುದಕ್ಕೆ ಅದೇ ಹಂಪೆಯು ಸಾಕ್ಷಿಯಾಯಿತು.

೨೦೧೯ರ ಫೆಬ್ರವರಿಯಲ್ಲಿ ಒಂದು ವಿಡಿಯೋ ಜಾಲತಾಣಗಳಲ್ಲಿ ಹರಡಿತು. ಗಜಶಾಲೆಯ ಸಮೀಪದ ವಿಷ್ಣು ದೇವಾಲಯದ ಆವರಣದಲ್ಲಿ ಯುವಕರು ಒಂದು ಕಲ್ಲುಕಂಬವನ್ನು ನೂಕಿ ಕೆಡಹುತ್ತಿರುವ ದೃಶ್ಯವದು. ನಾಡಿನ ಜನ ನೊಂದರು. ಪೋಲೀಸರು ನಾಲ್ವರನ್ನು ಹಿಡಿದರು. ಹೊಸಪೇಟೆಯ ನ್ಯಾಯಾಲಯವು ತಲಾ ೭೦,೦೦೦ ರೂಪಾಯಿ ದಂಡ ವಿಧಿಸಿ, ಕೆಡಹಿದ್ದನ್ನು ಅವರೇ ಎತ್ತಿ ನಿಲ್ಲಿಸಬೇಕೆಂದು ಆಜ್ಞಾಪಿಸಿತು. ಅವರು ಹಾಗೆ ಏಕೆ ಮಾಡಿದರೆಂಬುದು ಅವರ ಅಂತರಂಗಕ್ಕೆ ಬಿಟ್ಟ ಮಾತು. ಆದರೆ ಕೆಡಹುತ್ತಿದ್ದಾಗ ಅಲ್ಲಿದ್ದ ಒಂದು ಕೈ ತಡೆಯಲು ಮುಂದಾಗದೆ ಚಿತ್ರ ಹಿಡಿಯುವುದರಲ್ಲಿ ತೊಡಗಿತ್ತೆಂಬುದು ಆ ದೃಶ್ಯದಿಂದಲೇ ಸ್ಪಷ್ಟವಾಗುತ್ತದೆ. ಆ ಕಂಬವನ್ನು ಕೆತ್ತಿದ ಶಿಲ್ಪಿ ಯಾರೆಂಬುದನ್ನು ಇಂದು ಯಾರೂ ಅರಿಯರು. ಅದನ್ನು ಕೆಡಹಿದವರ ಮುಖಗಳನ್ನಾದರೋ ಒಂದೆರಡು ದಿನಗಳಲ್ಲಿ ದೇಶವೆಲ್ಲ ಕಂಡಿತು.

ಹಾಗಾದರೆ ದೋಷವು ಯಂತ್ರದ್ದೆ? ಹಾಗೆನ್ನಲು ಬಾರದು. ೧೮೫೬ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಭಾರವಾದ ಕ್ಯಾಮರಾವನ್ನು ಹೊರಿಸಿಕೊಂಡು ಹಂಪೆಯಲ್ಲಿ ಸಂಚರಿಸಿ, ಮೇಣ ಹಚ್ಚಿದ ಕಾಗದದ ಮೇಲೆ ಅಲ್ಲಿಯ ಗುಡಿಮಂಟಪಗಳ ಛಾಯಾಚಿತ್ರಗಳನ್ನು ತೆಗೆದನು. ಕಲ್ಲಿನ ರಥದ ನೆತ್ತಿಯ ಮೇಲೆ ಆಗ ಇಟ್ಟಿಗೆಯ ಶಿಖರವಿತ್ತು, ಇಂದು ಅದಿಲ್ಲ. ಅದು ಹೇಗಿದ್ದಿತೆಂದು ಇಂದಿನವರು ಕಣ್ಣಾರೆ ಕಾಣುವುದು ಆ ಚಿತ್ರದ ಮೂಲಕವೇ. ೨೦೧೯ರ ವಿಡಿಯೋ ಕೂಡ ಕೊನೆಗೆ ಅಪರಾಧಕ್ಕೆ ಸಾಕ್ಷಿಯಾಗಿ ನಿಂತಿತಲ್ಲವೆ? ಕನ್ನಡಿಗೆ ಪಕ್ಷಪಾತವಿಲ್ಲ, ಯಂತ್ರಕ್ಕೂ ಇಲ್ಲ. ಫ. ಗು. ಹಳಕಟ್ಟಿಯವರು ಓಲೆಗರಿಗಳಲ್ಲಿ ಹುದುಗಿದ್ದ ವಚನಗಳನ್ನು ಹುಡುಕಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದದ್ದು ಅಚ್ಚಿನ ಯಂತ್ರದಿಂದ. ಆ ಯಂತ್ರದಿಂದಲೇ ಸುಳ್ಳು ಕರಪತ್ರಗಳೂ ಅಚ್ಚಾಗಿವೆ.

ವಿರೂಪಾಕ್ಷನ ಗುಡಿಯಲ್ಲಿ ಗರ್ಭಗೃಹದ ಹಿಂಭಾಗಕ್ಕೆ ಒಂದು ಕತ್ತಲೆಯ ಕೋಣೆಯಿದೆ. ಗೋಡೆಯ ಕಿರುಗಂಡಿಯೊಂದರಿಂದ ಬೆಳಕು ಒಳನುಗ್ಗಿ, ಸುಮಾರು ಐವತ್ತು ಮೀಟರು ಎತ್ತರದ ಮೂಡಣ ಗೋಪುರದ ನೆರಳನ್ನು ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಬೀಳಿಸುತ್ತದೆ. ಗೋಪುರದ ತುದಿಯಿಂದ ಹೊರಟ ಕಿರಣವು ಗಂಡಿಯನ್ನು ಹಾಯ್ದು ಕೆಳಕ್ಕೂ, ಬುಡದಿಂದ ಹೊರಟದ್ದು ಮೇಲಕ್ಕೂ ಸಾಗುವುದೇ ಇದಕ್ಕೆ ಕಾರಣ. ಮೊಬೈಲಿನ ಕ್ಯಾಮರಾ ಸಹ ಇದೇ ತತ್ತ್ವದ ಒಂದು ಪುಟ್ಟ ಕತ್ತಲೆಕೋಣೆ. ಆದರೆ ಜಾಲತಾಣಗಳ ವ್ಯವಹಾರವನ್ನು ಕಂಡಾಗ ತಲೆಕೆಳಗಾದದ್ದು ಚಿತ್ರವಷ್ಟೇ ಅಲ್ಲವೆಂಬ ಶಂಕೆ ಹುಟ್ಟುತ್ತದೆ. ಶರಣರು ಫಲವನ್ನು ದೇವನ ಹೆಸರಿಗೂ ಹೊಣೆಯನ್ನು ತಮ್ಮ ತಲೆಗೂ ಬರೆದುಕೊಂಡರು. ಇಂದಿನ ಮನುಷ್ಯನು ಮೆಚ್ಚುಗೆಯನ್ನು ತನ್ನ ಹೆಸರಿಗೆ ಬರೆದುಕೊಳ್ಳುತ್ತಾನೆ. ಹೊಣೆಯ ಪ್ರಶ್ನೆ ಬಂದಾಗ ಹೆಸರನ್ನು ಮರೆಸುತ್ತಾನೆ.

ಮೊದಲು ಮೆಚ್ಚುಗೆಯ ಮಾತನ್ನು ವಿಚಾರಿಸಬಹುದು. ೨೦೦೯ರಲ್ಲಿ ಫೇಸ್‌ಬುಕ್ ತನ್ನ ತಾಣದಲ್ಲಿ ‘ಲೈಕ್’ ಎಂಬ ಗುಂಡಿಯನ್ನು ಸೇರಿಸಿತು. ಹೊಗಳಿಕೆಯನ್ನು ಹೀಗೆ ಕ್ಷಣಕ್ಷಣಕ್ಕೂ ಎಣಿಸಿ ನೋಡುವ ಅಭ್ಯಾಸವು ಕೋಟ್ಯಂತರ ಜನರಿಗೆ ಅಂಟಿತು. ಇಂತಹ ತಾಣಗಳು ಸಾಮಾನ್ಯವಾಗಿ ಬಳಸುವವನಿಂದ ಹಣ ಕೇಳುವುದಿಲ್ಲ. ಜಾಹೀರಾತು ಕೊಡುವವರಿಂದ ಪಡೆಯುತ್ತವೆ. ಬಳಸುವವನು ಕಣ್ಣು ಕೀಳದೆ ಎಷ್ಟು ಹೊತ್ತು ನೋಡುವನೋ ಅಷ್ಟು ಅವುಗಳಿಗೆ ಲಾಭ. ಆದಕಾರಣ ಯಾವುದು ಜನರನ್ನು ಹಿಡಿದು ನಿಲ್ಲಿಸುವುದೋ ಅದನ್ನೇ ಮೇಲಿಂದ ಮೇಲೆ ಮುಂದಿಡುವಂತೆ ಅವುಗಳ ತಂತ್ರಾಂಶವನ್ನು ರಚಿಸಿರುತ್ತಾರೆ. ನಿಂತ ಕಂಬವನ್ನು ನೋಡುವವರು ಕೆಲವರು. ಬೀಳುವ ಕಂಬವನ್ನು ನೋಡುವವರು ಲಕ್ಷಾಂತರ. ಇದು ಬಿಟ್ಟಿಯ ಊಟದಂತೆ ಕಂಡರೂ ದಾಸೋಹವಾಗಲಾರದು. ಏಕೆಂದರೆ ಇಲ್ಲಿ ಉಣ್ಣಲು ಕುಳಿತವನ ಹೊತ್ತೇ ಮಾರಾಟದ ಸರಕು.

ಹೊಗಳಿಕೆಯ ಪ್ರಶ್ನೆಯು ಹಂಪೆಗೆ ಹೊಸದಲ್ಲ. ಕ್ರಿ. ಶ. ೧೨೦೦ರ ಸುಮಾರಿಗೆ ಬಾಳಿದ ಹರಿಹರ ಕವಿಯು ದೋರಸಮುದ್ರದ ಅರಮನೆಯಲ್ಲಿ ಕರಣಿಕನಾಗಿದ್ದು, ಆ ಉದ್ಯೋಗವನ್ನು ತೊರೆದು ಹಂಪೆಗೆ ಬಂದು ನೆಲಸಿದನೆಂದು ಪರಂಪರೆಯು ಹೇಳುತ್ತದೆ. ಅರಸರನ್ನು ಹೊಗಳಿ ಬರೆಯುವ ಬಾಳು ಅವನಿಗೆ ಬೇಡವಾಯಿತು. ಅವನು ಶಿವಶರಣರ ಚರಿತ್ರೆಗಳನ್ನು ರಗಳೆಯಲ್ಲಿ ಹಾಡಿ ವಿರೂಪಾಕ್ಷನಿಗೆ ಅರ್ಪಿಸಿದನು. ಹೂವು ಕೊಯ್ದು ಪೂಜಿಸುವ ಸೇವೆಯನ್ನು ಕುರಿತೇ ‘ಪುಷ್ಪರಗಳೆ’ಯನ್ನು ಬರೆದನು. ಅವನ ಸೋದರಳಿಯನಾದ ರಾಘವಾಂಕನು ‘ಹರಿಶ್ಚಂದ್ರಕಾವ್ಯ’ವನ್ನು ರಚಿಸಿ ರಾಜಸಭೆಯ ಮನ್ನಣೆಯನ್ನು ಪಡೆದಾಗ ಹರಿಹರನು ಮೆಚ್ಚದೆ ಮುನಿದನೆಂಬ ಕಥೆಯೂ ಉಂಟು. ಹರಿಹರನ ಮುನಿಸು ಅತಿಯಾಯಿತೆಂದು ಇಂದಿನ ಓದುಗನಿಗೆ ತೋರಬಹುದು. ಸತ್ಯವನ್ನು ಕಡೆಯವರೆಗೆ ಬಿಡದ ಅರಸನ ಆ ಕಥೆಯನ್ನು ಕನ್ನಡಿಗರು ತಲೆಯ ಮೇಲೆ ಹೊತ್ತಿದ್ದಾರೆ. ಆದರೆ ಆ ಸಭೆಯ ಕರತಾಡನವು ಅಂದಿಗೇ ಅಡಗಿತು. ಕಾವ್ಯವು ಉಳಿದದ್ದು ತನ್ನೊಳಗಿನ ಸತ್ಯದ ಬಲದಿಂದ. ಸತ್ತ್ವವಿದ್ದದ್ದನ್ನು ಎಣಿಕೆಯು ಹೆಚ್ಚಿಸಲಾರದು, ಇಲ್ಲದ್ದನ್ನು ಉಳಿಸಲಾರದು.

ಇನ್ನು ಹೊಣೆಯ ಮಾತು. ಇದು ಮೆಚ್ಚುಗೆಯ ಮಾತಿಗಿಂತ ಘೋರವಾದದ್ದು. ೨೦೧೮ರ ಜುಲೈ ತಿಂಗಳಿನಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಯು ವಾಟ್ಸಾಪ್ ಮೂಲಕ ಹಬ್ಬಿ, ಜನರು ಗುಂಪುಗೂಡಿ ನಿರಪರಾಧಿಯಾದ ಒಬ್ಬ ಪ್ರವಾಸಿ ಯುವಕನನ್ನು ಹೊಡೆದು ಕೊಂದರು. ಬಸವಣ್ಣನವರ ಕಲ್ಯಾಣವಿರುವ ಜಿಲ್ಲೆಯದು! ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿಯನ್ನು ಹಾಕಿತು. ಸಂಸ್ಥೆಯು ಹಾಕಿದ ಮಿತಿಯು ಬೆರಳನ್ನು ತಡೆಯಬಲ್ಲದು. ಮನಸ್ಸನ್ನು ತಡೆಯುವವರು ಯಾರು? ಇಂತಹ ವದಂತಿಯನ್ನು ದಾಟಿಸುವವನು ತನ್ನನ್ನು ಕೊಲೆಗಾರನೆಂದು ಬಗೆಯುವುದಿಲ್ಲ. ‘ಬಂದದ್ದನ್ನು ಹಾಗೆಯೇ ಕಳುಹಿಸಿದೆ’ ಎಂಬುದೇ ಅವನ ಸಮಾಧಾನ. ಅಂಕಿತವಿಲ್ಲದ ನುಡಿಯು ಹೀಗೆ ಕೈಯಿಂದ ಕೈಗೆ ದಾಟುತ್ತ, ಯಾರದೂ ಅಲ್ಲದ ಮಾತಾಗಿ, ಕಡೆಗೆ ಒಬ್ಬನ ತಲೆಯ ಮೇಲೆ ಕಲ್ಲಾಗಿ ಬೀಳುತ್ತದೆ.

ಸಂಸಾರಿಗಳಾದ ಭಕ್ತರು ಇವೆಲ್ಲ ದೂರದ ಮಾತೆಂದು ತಿಳಿಯಬಾರದು. ವಚನವೆಂದು ಹೆಸರು ಹೇಳಿ, ಯಾವ ಸಂಪುಟದಲ್ಲಿಯೂ ಇಲ್ಲದ ಮಾತಿಗೆ ಕೂಡಲಸಂಗಮದೇವನ ಅಂಕಿತವನ್ನು ಹಚ್ಚಿ, ಬೆಳಗಿನ ಶುಭಾಶಯದೊಡನೆ ಹಂಚುವುದು ಭಕ್ತರ ಮನೆಗಳಿಗೂ ಬಂದಿದೆ. ಬರೆಯುವ ಯಂತ್ರಗಳು ಬಂದ ಮೇಲಂತೂ ಅಂಕಿತಸಹಿತವಾದ ಸಾಲುಗಳನ್ನು ಕ್ಷಣದಲ್ಲಿ ಹೊಸೆಯಬಹುದು. ಆದರೆ ಆ ಅಂಕಿತದ ಹಿಂದೆ ಕಾಯಕವಿಲ್ಲ, ಅನುಭವವಿಲ್ಲ, ಮಾತಿಗೆ ತಲೆಗೊಡುವವರೂ ಇಲ್ಲ. ‘ವಚನ ಸಂಚಯ’ವೆಂಬ ಜಾಲತಾಣದಲ್ಲಿ ಒಂದು ಪದವನ್ನು ಹಾಕಿ ಹುಡುಕಿದರೆ ಸಾವಿರಾರು ವಚನಗಳ ನಡುವೆ ಅದು ಎಲ್ಲೆಲ್ಲಿ ಬಂದಿದೆಯೆಂಬುದು ಕಾಣುತ್ತದೆ. ಕಳುಹಿಸುವ ಮುನ್ನ ಒಮ್ಮೆ ಹುಡುಕಿ ನೋಡುವ ಶ್ರಮವು ಶರಣರಿಗೆ ಸಲ್ಲಿಸುವ ಮರ್ಯಾದೆಯಾಗಿದೆ.

ದಾಸೋಹದ ವಿಷಯವೂ ಹೀಗೆಯೇ. ನೀಡುವವನು ದಾಸನೆಂಬ ಭಾವವಿದ್ದಲ್ಲಿ ಮಾತ್ರ ಅದು ದಾಸೋಹ. ಈಚೆಗೆ ಅನ್ನ ನೀಡುವ ಕೈಯ ಎದುರಿಗೆ ಚಿತ್ರ ಹಿಡಿಯುವ ಕೈಯೊಂದು ನಿಂತಿರುತ್ತದೆ. ನಡುವೆ ತಟ್ಟೆ ಹಿಡಿದ ಮುದುಕಿಗೆ ‘ಈ ಕಡೆ ನೋಡಮ್ಮ’ ಎಂದು ಹೇಳಲಾಗುತ್ತದೆ. ಅವಳ ಹಸಿವು ಇನ್ನೊಬ್ಬನ ಹೆಸರಿಗೆ ಅಲಂಕಾರವಾಗಬೇಕೆ? ದಾನಿಗಳಿಗೆ ಲೆಕ್ಕ ಒಪ್ಪಿಸಬೇಕಾಗುತ್ತದೆಂಬ ಮಾತು ನ್ಯಾಯವಾದದ್ದೇ. ಅದಕ್ಕೆ ಅಕ್ಕಿಯ ಚೀಲಗಳ, ಉರಿಯುವ ಒಲೆಯ, ಖರ್ಚಿನ ಪುಸ್ತಕದ ಚಿತ್ರಗಳು ಸಾಲವೆ? ಉಣ್ಣುವವರ ಮುಖವನ್ನು ತೋರಿಸಬೇಕೆಂಬ ನಿಯಮವಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಮೊಬೈಲನ್ನು ಕಂಪಲಿಯ ಹೊಳೆಗೆ ಎಸೆಯಬೇಕೆಂದು ಅರ್ಥವಲ್ಲ. ಹಂಪೆಯ ಮಾರ್ಗದರ್ಶಿಗೆ ಅದರಿಂದಲೇ ಕೆಲಸ ದೊರೆಯುತ್ತದೆ. ಸಂಡೂರಿನ ಲಂಬಾಣಿ ಹೆಣ್ಣುಮಗಳು ತಾನು ಹೊಲಿದ ಕಸೂತಿಯ ಚಿತ್ರವನ್ನು ದೂರದ ಕೊಳ್ಳುವವರಿಗೆ ಕಳುಹಿಸಿದರೆ, ಅದು ಕಾಯಕದ ಒಂದು ಅಂಗವೇ ಸರಿ. ಅಲ್ಲಿ ಚಿತ್ರದ ಹಿಂದೆ ವಸ್ತುವಿದೆ, ವಸ್ತುವಿನ ಹಿಂದೆ ದುಡಿಮೆಯಿದೆ, ದುಡಿಮೆಗೆ ಹೊಣೆಯಾಗಿ ಒಬ್ಬಳು ಹೆಸರು ಹೇಳಿ ನಿಂತಿದ್ದಾಳೆ. ಹೊಲಿಗೆ ಬಿಚ್ಚಿದರೆ ಅವಳನ್ನು ಕೇಳಬಹುದು.

ಭಕ್ತನ ಅಂಗೈಯು ಇಷ್ಟಲಿಂಗವನ್ನು ಇಟ್ಟು ನೋಡುವ ಕರಸ್ಥಲ. ಅಲ್ಲಿ ದೃಷ್ಟಿಯನ್ನು ನಿಲ್ಲಿಸಿದವನಿಗೆ ಮೆಚ್ಚುಗೆಯ ಎಣಿಕೆ ಬರುವುದಿಲ್ಲ. ತನ್ನ ಅರಿವಿನ ಮಟ್ಟವೆಷ್ಟೆಂಬುದು ತಿಳಿಯುತ್ತದೆ. ಪೂಜೆ ಮುಗಿದ ಮೇಲೆ ಅದೇ ಅಂಗೈಗೆ ಮೊಬೈಲು ಬರುತ್ತದೆ. ಬರಲಿ. ಆದರೆ ಒಂದು ಚಿತ್ರವನ್ನೋ ಮಾತನ್ನೋ ಅಲ್ಲಿಂದ ಹೊರಗೆ ಬಿಡುವ ಮುನ್ನ, ಇದರ ಹೊಗಳಿಕೆಯು ಬಾರದಿದ್ದರೂ ಇದನ್ನು ಕಳುಹಿಸಬೇಕೆನಿಸುವುದೆ, ಇದು ಸುಳ್ಳಾದರೆ ಅಥವಾ ಯಾರಿಗಾದರೂ ಕೇಡಾದರೆ ತನ್ನ ಹೆಸರನ್ನು ಹೇಳಿ ನಿಲ್ಲುವ ಧೈರ್ಯವುಂಟೆ ಎಂದು ಒಂದು ಗಳಿಗೆ ತನ್ನನ್ನು ತಾನು ಕೇಳಿಕೊಳ್ಳುವುದು ಲೇಸು. ಎರಡಕ್ಕೂ ಹೌದೆಂಬ ಉತ್ತರ ದೊರೆತರೆ ಸಂತೋಷದಿಂದ ಕಳುಹಿಸಬಹುದು. ದೊರೆಯದಿದ್ದರೆ ಸುಮ್ಮನಿರುವುದರಿಂದ ಯಾರಿಗೂ ಯಾವ ನಷ್ಟವೂ ಇಲ್ಲ.