ಓದಿನ ಸುಖವನ್ನು ವಿಧಿಸಬಹುದೆ?

ಊಟಮಾಡೆಂದು ಮಕ್ಕಳಿಗೆ ಹೇಳಬಹುದು; ಹಸಿವಾಗಲೆಂದು ಅಪ್ಪಣೆಮಾಡಲಾಗದು. ಹಾಗೆಯೇ ಓದೆಂದು ಹೇಳಬಹುದು. ಓದಿ ಸಂತೋಷಪಡೆಂದು ಆಜ್ಞಾಪಿಸುವ ಅಧಿಕಾರ ತಂದೆತಾಯಿಗಳಿಗೂ ಇಲ್ಲ, ಗುರುವಿಗೂ ಇಲ್ಲ, ಸರ್ಕಾರಕ್ಕೂ ಇಲ್ಲ. ಆದರೂ ಪ್ರೌಢಶಾಲೆಯ ಹುಡುಗ ಹುಡುಗಿಯರು ಪಠ್ಯಪುಸ್ತಕದ ಹೊರಗೆ ಏನನ್ನೂ ಓದುವುದಿಲ್ಲವೆಂಬ ಕೊರಗು ಈಗ ಮನೆಮನೆಯಲ್ಲಿಯೂ ಕೇಳಿಬರುತ್ತಿದೆ. ಈ ಕೊರಗು ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಬಹುಮಟ್ಟಿಗೆ ಸಿರಿವಂತ ದೇಶಗಳ ಕೂಟವಾದ ಒಇಸಿಡಿ ಎಂಬ ಸಂಸ್ಥೆಯು 2009ರಲ್ಲಿ ಹದಿನೈದು ವರ್ಷದ ವಿದ್ಯಾರ್ಥಿಗಳನ್ನು ವಿಚಾರಿಸಿದಾಗ, ಅದರ ಸದಸ್ಯ ದೇಶಗಳಲ್ಲಿ ಸರಾಸರಿ ನೂರಕ್ಕೆ 37 ಮಂದಿ ತಾವು ಸಂತೋಷಕ್ಕಾಗಿ ಓದುವುದೇ ಇಲ್ಲವೆಂದು ಹೇಳಿದರು. ಪುಸ್ತಕಗಳಿಗೆ ಬರವಿಲ್ಲದ ನಾಡುಗಳಲ್ಲಿಯೇ ಹೀಗಿರುವಾಗ, ಕೊರತೆ ಪುಸ್ತಕದ್ದು ಮಾತ್ರವಲ್ಲವೆಂದು ತಿಳಿಯಬೇಕು. ವಿಧಿಸಲಾಗದ ಒಂದು ಸುಖವನ್ನು ಹಿರಿಯರು ಬೆಳೆಸುವುದು ಹೇಗೆ? ಅದಕ್ಕಾಗಿ ನಾವು ನಮ್ಮ ಅಧಿಕಾರದಲ್ಲಿ ಎಷ್ಟನ್ನು ಬಿಟ್ಟುಕೊಡಬೇಕು? ಇದೇ ಇಲ್ಲಿಯ ಪ್ರಶ್ನೆ.

ನಮ್ಮ ಆಲಂಕಾರಿಕರು ಈ ವಿಷಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. ವೇದವು ಪ್ರಭುವಿನಂತೆ ಆಜ್ಞಾಪಿಸುತ್ತದೆ. ಪುರಾಣೇತಿಹಾಸಗಳು ಮಿತ್ರನಂತೆ ತಿಳಿಯಹೇಳುತ್ತವೆ. ಕಾವ್ಯವಾದರೋ ಕಾಂತೆಯಂತೆ ಮನಸ್ಸನ್ನು ಒಲಿಸಿಕೊಂಡು ತನ್ನ ಕಡೆಗೆ ತಿರುಗಿಸುತ್ತದೆ ಎಂಬುದು ಮಮ್ಮಟನ ವಿವೇಚನೆ. ರಸವು ತನ್ನ ಹೆಸರನ್ನು ಹೇಳಿದ ಮಾತ್ರಕ್ಕೆ ಹುಟ್ಟುವುದಿಲ್ಲವೆಂದು ಅವನಿಗಿಂತ ಮೊದಲೇ ಆನಂದವರ್ಧನನು ತೋರಿಸಿಕೊಟ್ಟಿದ್ದನು. ಶೃಂಗಾರ ಶೃಂಗಾರವೆಂದು ಎಷ್ಟು ಸಲ ಕೂಗಿದರೂ ಕೇಳುವವನ ಎದೆಯಲ್ಲಿ ಏನೂ ಅರಳದು. ಅದಕ್ಕೆ ತಕ್ಕ ಸನ್ನಿವೇಶವು ಕೂಡಿಬರಬೇಕು. ನಮ್ಮ ಶಾಲೆಗಳಲ್ಲಿ ನಡೆಯುವುದೇನು? ಕಾಂತೆಯ ಕೈಗೆ ಪ್ರಭುವಿನ ದಂಡವನ್ನು ಕೊಟ್ಟು ನಿಲ್ಲಿಸುತ್ತೇವೆ. ಪದ್ಯವೆಂದರೆ ಕಂಠಪಾಠ, ಗದ್ಯವೆಂದರೆ ಸಂದರ್ಭ ಸಹಿತ ವಿವರಣೆ, ಎರಡಕ್ಕೂ ಕೊನೆಯಲ್ಲಿ ಅಂಕ. ವ್ಯಾಕರಣ ಛಂದಸ್ಸುಗಳು ಬೇಡವೆಂದಾಗಲಿ ಪರೀಕ್ಷೆಯನ್ನು ತೆಗೆದುಹಾಕಬೇಕೆಂದಾಗಲಿ ನಾನು ಹೇಳುತ್ತಿಲ್ಲ. ಭಾಷೆಯನ್ನು ಕಲಿಯುವವನಿಗೆ ಶ್ರಮವು ತಪ್ಪದು. ಆದರೆ ಓದಿದ ಪ್ರತಿಯೊಂದು ಪುಟಕ್ಕೂ ಸುಂಕ ತೆರಬೇಕಾದ ಹುಡುಗನು, ಸುಂಕವಿಲ್ಲದ ಪುಟವೂ ಉಂಟೆಂಬುದನ್ನು ತಿಳಿಯುವುದಾದರೂ ಎಲ್ಲಿ?

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ, ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಪಾಠದ ಪುಸ್ತಕದೊಳಗೆ ಪತ್ತೇದಾರಿ ಕಾದಂಬರಿಯೊಂದನ್ನು ಅಡಗಿಸಿಟ್ಟು ಓದುತ್ತಿದ್ದುದು ಕಣ್ಣಿಗೆ ಬಿತ್ತು. ಅದನ್ನು ಕಿತ್ತುಕೊಂಡು, ರಟ್ಟಿನ ಮೇಲಣ ಚಿತ್ರವನ್ನು ಎಲ್ಲರಿಗೂ ಎತ್ತಿ ತೋರಿಸಿದೆನು. ತರಗತಿಯೆಲ್ಲ ನಕ್ಕಿತು, ಪುಸ್ತಕವು ಬೀರುವನ್ನು ಸೇರಿತು. ಹಲವು ವರ್ಷಗಳ ಮೇಲೆ, ಪೇಟೆಬೀದಿಯ ಅಂಗಡಿಯೊಂದರಲ್ಲಿ ಆತನೇ ನನ್ನನ್ನು ಗುರುತಿಸಿ, ಕುರ್ಚಿ ಹಾಕಿ ಕೂರಿಸಿ ಕಾಫಿ ತರಿಸಿದನು. ಮಾತಿನ ನಡುವೆ ನಗುತ್ತ, “ಮೇಷ್ಟರೆ, ಆ ಕಥೆಯಲ್ಲಿ ಕೊಲೆ ಮಾಡಿದವನು ಯಾರು?” ಎಂದು ಕೇಳಿದನು. ನನಗೆ ಗೊತ್ತಿರಲಿಲ್ಲ. ನಾನು ಹಳಿದ ಆ ಪುಸ್ತಕದ ಒಂದು ಹಾಳೆಯನ್ನಾದರೂ ನಾನು ತೆರೆದು ನೋಡಿರಲಿಲ್ಲ. ಅದು ಗೆಳೆಯನಿಂದ ಎರಡು ದಿನಕ್ಕೆಂದು ತಂದ ಪುಸ್ತಕವೆಂದೂ, ಅದರ ಬೆಲೆಯನ್ನು ತಾನೇ ತೆತ್ತೆನೆಂದೂ, ಆಮೇಲೆ ಕಥೆಪುಸ್ತಕವನ್ನು ಕೈಯಲ್ಲಿ ಹಿಡಿಯಲು ನಾಚಿಕೆಯಾಗಿ ಆ ಗೋಜಿಗೇ ಹೋಗಲಿಲ್ಲವೆಂದೂ ಅವನು ಹೇಳಿದನು. ಅವನ ಮಾತಿನಲ್ಲಿ ದೂರಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಪಾಠದ ಹೊತ್ತಿನಲ್ಲಿ ಕದ್ದು ಓದುವುದು ತಪ್ಪೇ ಸರಿ. ಆದರೆ ಸಂಜೆ ಪುಸ್ತಕವನ್ನು ಹಿಂದಕ್ಕೆ ಕೊಟ್ಟು, “ಮುಗಿದ ಮೇಲೆ ನನಗೂ ಕೊಡಪ್ಪ” ಎಂದಿದ್ದರೆ ಶಿಸ್ತೂ ಉಳಿಯುತ್ತಿತ್ತು, ಓದುಗನೂ ಉಳಿಯುತ್ತಿದ್ದನು.

ಹದಿನಾರನೆಯ ಶತಮಾನದ ಫ್ರೆಂಚ್ ಪ್ರಬಂಧಕಾರನಾದ ಮಾಂಟೇನನಿಗೆ ನನಗಿಂತ ಜಾಣನಾದ ಗುರು ದೊರೆತಿದ್ದನು. ಏಳೆಂಟು ವರ್ಷದವನಿದ್ದಾಗಲೇ ಅವನಿಗೆ ಲ್ಯಾಟಿನ್ ಕವಿಯಾದ ಓವಿಡನ ಕಥೆಗಳ ರುಚಿ ಹತ್ತಿ, ಉಳಿದ ವಿನೋದಗಳನ್ನೆಲ್ಲ ಬಿಟ್ಟು ಮರೆಯಲ್ಲಿ ಓದುತ್ತಿದ್ದನಂತೆ. ಗುರುವು ಕಂಡೂ ಕಾಣದವನಂತಿದ್ದು ಆ ಹಸಿವನ್ನು ಹರಿತಗೊಳಿಸುತ್ತ, ನಿಯತವಾದ ಪಾಠಗಳನ್ನು ಮಾತ್ರ ಮೆಲ್ಲಮೆಲ್ಲನೆ ನಡೆಸಿಕೊಂಡು ಹೋದನು. ಆತನು ಅವಿವೇಕದಿಂದ ತಡೆದಿದ್ದರೆ ತಾನು ಶಾಲೆಯಿಂದ ಪುಸ್ತಕದ್ವೇಷವೊಂದನ್ನೇ ಹೊತ್ತುತರುತ್ತಿದ್ದೆನೆಂದು, 1580ರಲ್ಲಿ ಅಚ್ಚಾದ ಪ್ರಬಂಧಗಳಲ್ಲಿ ಮಾಂಟೇನನು ಕೃತಜ್ಞತೆಯಿಂದ ನೆನೆದಿದ್ದಾನೆ.

“ಹಾಗಾದರೆ ಮಕ್ಕಳು ಕೈಗೆ ಸಿಕ್ಕಿದ ಕಸವನ್ನೆಲ್ಲ ಓದಲೆ?” ಎಂದು ವಾಚಕರು ಕೇಳಬಹುದು. ಇದು ತಳ್ಳಿಹಾಕತಕ್ಕ ಆಕ್ಷೇಪವಲ್ಲ. ಮನಸ್ಸನ್ನು ಕೆಡಿಸುವ ಬರಹವುಂಟು. ಅದರಿಂದ ಎಳೆಯರನ್ನು ಕಾಯುವುದು ಹಿರಿಯರ ಧರ್ಮ. ಆದರೆ ಕೆಟ್ಟುದು ಬೇರೆ, ಹಗುರವಾದುದು ಬೇರೆ. ಹಗುರವಾದುದನ್ನೆಲ್ಲ ಕೆಟ್ಟುದೆಂದು ಹಳಿಯುವುದು ಸೋಮಾರಿಯಾದ ನ್ಯಾಯಾಧೀಶನ ತೀರ್ಪು. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದ ಕಾದಂಬರಿಗಳೂ, ಗಳಗನಾಥರು ತಾವೇ ಬರೆದು ತಾವೇ ಊರೂರಿಗೆ ಹೊತ್ತು ಮಾರಿದ ಕಾದಂಬರಿಗಳೂ ಕನ್ನಡಕ್ಕೆ ಓದುಗರನ್ನು ಗಳಿಸಿಕೊಟ್ಟವು. ‘ಮುಂದೇನಾಯಿತು?’ ಎಂಬ ಕುತೂಹಲವೇ ಅವುಗಳ ಕೈದೀಪ. ಅಂಥ ಬೆಳಕನ್ನು ಹಿಡಿದು ಒಳಹೊಕ್ಕವನು ಮುಂದೆ ಪಂಪನ ಮನೆಯ ಬಾಗಿಲನ್ನು ತಟ್ಟಿಯಾನು; ಹೊಸ್ತಿಲಿನಲ್ಲಿಯೇ ಅವಮಾನ ಪಟ್ಟವನು ಎಂದಿಗೂ ತಟ್ಟನು.

ಆದುದರಿಂದ ಹಿರಿಯರು ಮಾಡಬೇಕಾದುದು ಸನ್ನಿವೇಶವನ್ನು ಕೂಡಿಸುವುದು. ವಾರಕ್ಕೆ ಒಂದು ಅವಧಿಯನ್ನಾದರೂ ಸುಮ್ಮನೆ ಓದುವುದಕ್ಕೆ ಮೀಸಲಿಡಲಿ. ಆ ಹೊತ್ತಿನಲ್ಲಿ ಪ್ರಶ್ನೆ ಬೇಡ, ಸಾರಾಂಶ ಬೇಡ, ಅಂಕ ಬೇಡ. ಹಿಡಿಸದ ಪುಸ್ತಕವನ್ನು ಅರ್ಧಕ್ಕೇ ಬಿಡಲು ಮಕ್ಕಳಿಗೆ ಸ್ವಾತಂತ್ರ್ಯವಿರಲಿ. ಫ್ರಾನ್ಸಿನಲ್ಲಿ ಬಹುಕಾಲ ಉಪಾಧ್ಯಾಯರಾಗಿದ್ದ ಡೇನಿಯಲ್ ಪೆನಾಕ್ ಎಂಬ ಲೇಖಕರು, 1992ರ ತಮ್ಮ ಗ್ರಂಥದಲ್ಲಿ ಓದುಗನ ಹತ್ತು ಹಕ್ಕುಗಳನ್ನು ಎಣಿಸುವಾಗ, ಓದದೆ ಇರುವ ಹಕ್ಕನ್ನೇ ಮೊದಲನೆಯದಾಗಿ ಇಟ್ಟಿದ್ದಾರೆ. ಬಿಡುವ ಹಕ್ಕಿಲ್ಲದವನಿಗೆ ಹಿಡಿಯುವುದರಲ್ಲಿ ಏನು ಸುಖ? ಇನ್ನು ಶಾಲೆಯ ಬೀರುವಿನ ಬೀಗ. ಪುಸ್ತಕ ಕಳೆದರೆ ಲೆಕ್ಕ ಒಪ್ಪಿಸಬೇಕಾದ ಉಪಾಧ್ಯಾಯನು ಬೀಗ ಹಾಕದೆ ಏನು ಮಾಡಿಯಾನು? ತಪ್ಪು ಅವನೊಬ್ಬನದಲ್ಲ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕವಿರುವುದು ಬಳಕೆಗೆ ಎಂಬುದು. ವರ್ಷಕ್ಕೆ ನಾಲ್ಕು ಪುಸ್ತಕಗಳು ಕೈಯಿಂದ ಕೈಗೆ ಹೋಗಿ ಹರಿದರೆ ಅದು ನಷ್ಟವಲ್ಲ, ಬೆಳೆ. ಅದನ್ನು ಹಾಗೆಂದು ಬರೆದುಕೊಳ್ಳುವ ಧೈರ್ಯವು ಮೇಲಿನವರಿಗೂ ಇರಬೇಕು.

ಎಲ್ಲಕ್ಕಿಂತ ಕಷ್ಟವಾದ ಕರ್ತವ್ಯವು ಮನೆಯಲ್ಲಿದೆ. ಮೊಬೈಲನ್ನು ಕೈಯಲ್ಲಿ ಹಿಡಿದ ತಂದೆ, ಓದಲೊಲ್ಲದ ಮಗನನ್ನು ಗದರಿಸುತ್ತಾನೆ. ಮಕ್ಕಳು ನಮ್ಮ ಮಾತಿಗಿಂತ ನಮ್ಮ ಸುಖವನ್ನು ಗಮನಿಸುತ್ತಾರೆ. ನಾವು ಯಾವುದರಲ್ಲಿ ಮೈಮರೆಯುತ್ತೇವೆಯೋ ಅದು ಒಳ್ಳೆಯದಿರಬೇಕೆಂದು ಅವರ ಊಹೆ. ನಾವೇ ಪಡದ ಸುಖವನ್ನು ಅವರಿಗೆ ವಿಧಿಸುವುದು ನಿಷ್ಫಲವಷ್ಟೇ ಅಲ್ಲ, ಅಪ್ರಾಮಾಣಿಕವೂ ಹೌದು. ಎಳೆಯರ ಮೇಲೆ ನಂಬಿಕೆಯಿಟ್ಟು, ಒಳ್ಳೆಯ ಪುಸ್ತಕವನ್ನು ಅವರ ಕೈಗೆಟುಕುವಂತೆ ಇರಿಸಿ, ನಮ್ಮ ಪುಸ್ತಕವನ್ನು ನಾವು ಬಿಚ್ಚಿ ಕುಳಿತರೆ, ನಮ್ಮ ಪಾಲಿನ ಕೆಲಸವು ಮುಗಿಯಿತು. ಉಳಿದುದು ಅವರಿಗೂ ಪುಸ್ತಕಕ್ಕೂ ಸೇರಿದುದು. ಅಲ್ಲಿ ಮೂರನೆಯವರಿಗೆ ಎಡೆಯಿಲ್ಲ.